ಮುಂಗಡದ ಸರಪಳಿ, ಬಿಡುಗಡೆಯ ಕಾಗದ

2000ನೇ ಇಸವಿಯಲ್ಲಿ ಶ್ರೀರಂಗಪಟ್ಟಣ ತಾಲೂಕಿನ ಹಂಗರಹಳ್ಳಿಯ ಕಲ್ಲುಗಣಿಯೊಂದರಿಂದ, ಕಾಲಿಗೆ ಸರಪಳಿ ಬಿಗಿಯಲಾಗಿದ್ದ ಕೂಲಿಕಾರರನ್ನು ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಮತ್ತು ಸಂಗಡಿಗರು ಬಿಡಿಸಿದಾಗ ನಾಡು ಬೆಚ್ಚಿಬಿದ್ದಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆಗಲೇ 24 ವರ್ಷಗಳಾಗಿದ್ದವು. ಕಬ್ಬಿಣದ ಸರಪಳಿ ಕಣ್ಣೆದುರಿಗೇ ಇದ್ದುದರಿಂದ ಅದನ್ನು ಜೀತವೆಂದು ಒಪ್ಪಲು ಯಾರಿಗೂ ಕಷ್ಟವಾಗಲಿಲ್ಲ. ಸರಪಳಿ ಕಾಣಿಸದ ಕಡೆಗಳಲ್ಲಿ ಅಧಿಕಾರಿಗಳೂ ನಾವೂ ಅದನ್ನು ‘ಅಡ್ವಾನ್ಸ್’ ಎಂದು ಕರೆದು ಸುಮ್ಮನಾಗುತ್ತೇವೆ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳಿಗೆ ಈ ಅಡ್ವಾನ್ಸ್ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಕಾಡಂಚಿನ ಹಳ್ಳಿಗಳ ಬಡವರು, ಅವರಲ್ಲಿ ಸೋಲಿಗರೂ ಸೇರಿ, ಕೊಡಗಿನ ಕಾಫಿ ತೋಟಗಳಿಗೂ ತಮಿಳುನಾಡಿಗೂ ಕೆಲಸಕ್ಕೆ ಹೋಗುತ್ತಾರೆ. ಹೀಗೆ ಹೋಗುವುದು ತಪ್ಪಲ್ಲ. ಮುಂಗಡ ಪಡೆಯುವುದೂ ತಾನಾಗಿ ಜೀತವಾಗುವುದಿಲ್ಲ. ಆದರೆ ಪಡೆದ ಹಣದ ಕಾರಣದಿಂದ ಬೇರೆ ಕಡೆ ದುಡಿಯುವ, ಬೇಕಾದಲ್ಲಿಗೆ ಹೋಗುವ ಅಥವಾ ಕನಿಷ್ಠ ಕೂಲಿ ಪಡೆಯುವ ಹಕ್ಕು ಇಲ್ಲವಾದರೆ 1976ರ ಕಾಯ್ದೆಯ ಪ್ರಕಾರ ಅದು ಜೀತವೇ. ಅಂತಹ ಸಾಲ ಕಾನೂನಿನ ಕಣ್ಣಿನಲ್ಲಿ ಅಳಿದುಹೋಗುತ್ತದೆ. ಅಳಿದ ಸಾಲವನ್ನು ವಸೂಲು ಮಾಡಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ.

ಇನ್ನು ಹಣದ ಮಾತು. 2016ರ ಕೇಂದ್ರ ಪುನರ್ವಸತಿ ಯೋಜನೆಯಂತೆ ಬಿಡುಗಡೆಗೊಂಡ ವಯಸ್ಕ ಪುರುಷನಿಗೆ ಒಂದು ಲಕ್ಷ, ಮಹಿಳೆಗೆ ಹಾಗೂ ಮಗುವಿಗೆ ಎರಡು ಲಕ್ಷ, ಮಾನವ ಸಾಗಾಟ ಮತ್ತು ಲೈಂಗಿಕ ಶೋಷಣೆಯಂತಹ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ನಿಗದಿಯಾಗಿದೆ. ತಕ್ಷಣದ ನೆರವಿನ ಮಿತಿಯನ್ನು 2022ರಲ್ಲಿ 20 ಸಾವಿರದಿಂದ 30 ಸಾವಿರಕ್ಕೆ ಏರಿಸಲಾಯಿತು. ಕೇಳಲು ಹಿತವಾಗಿದೆ. ಆದರೆ ಉಳಿದ ದೊಡ್ಡ ಮೊತ್ತದ ಬಟವಾಡೆಯನ್ನು ನ್ಯಾಯಾಂಗ ಪ್ರಕ್ರಿಯೆಗೆ ಕಟ್ಟಿಹಾಕಲಾಗಿದೆ. ಪ್ರಕರಣ ಮುಗಿಯುವವರೆಗೆ ಆ ಕುಟುಂಬ ಏನು ತಿನ್ನಬೇಕು? ಇದಕ್ಕೂ ಮೊದಲು, ಬಿಡುಗಡೆ ಪತ್ರವಿಲ್ಲದಿದ್ದರೆ ಕಡತವೇ ಹುಟ್ಟುವುದಿಲ್ಲ. ಪತ್ರ ಕೊಡಬೇಕಾದ ಅಧಿಕಾರಿಗೆ ‘ನಮ್ಮಲ್ಲಿ ಜೀತವಿಲ್ಲ’ ಎಂದು ವರದಿ ಬರೆಯುವುದು ಎಷ್ಟೋ ಸುಲಭ. 1.84 ಕೋಟಿ ಜೀತದಾಳುಗಳನ್ನು 2030ರೊಳಗೆ ಬಿಡಿಸುವುದಾಗಿ 2016ರಲ್ಲಿ ಹೇಳಿದ ಕೇಂದ್ರ ಸರಕಾರದ ಲೆಕ್ಕದಲ್ಲೇ, 1978ರಿಂದ ಪುನರ್ವಸತಿ ಕಂಡವರು ಸುಮಾರು ಮೂರು ಲಕ್ಷ ಮಾತ್ರ.

ಹೀಗಾಗಿ ನಮ್ಮ ಗಮನ ದಿಲ್ಲಿಗಿಂತ ಹೆಚ್ಚಾಗಿ ಕೊಳ್ಳೇಗಾಲದ ಉಪವಿಭಾಗಾಧಿಕಾರಿಗಳ ಕಚೇರಿಯತ್ತ ಹರಿಯಬೇಕು. ಪ್ರತಿಯೊಂದು ಉಪವಿಭಾಗದಲ್ಲೂ ಜಾಗೃತಿ ಸಮಿತಿ ಇರಲೇಬೇಕೆಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ. ಅದರಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಮೂವರಿಗೂ ಸಮಾಜ ಸೇವಕರಾದ ಇಬ್ಬರಿಗೂ ಸ್ಥಾನವಿದೆ. ವಕ್ಫ್ ಸಮಿತಿಯ ಕುರ್ಚಿಗಾಗಿ ಪೈಪೋಟಿ ನಡೆಸುವ ನಮ್ಮ ಮುಖಂಡರಲ್ಲಿ ಎಷ್ಟು ಮಂದಿ ಈ ಕುರ್ಚಿಯನ್ನು ಕೇಳಿದ್ದಾರೆ?

ಇಲ್ಲೊಂದು ಕಹಿ ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ರೇಷ್ಮೆ ಉದ್ಯಮದ ಬಾಲ ಜೀತದ ಕುರಿತು ವರದಿ ಪ್ರಕಟಿಸಿತು. ಹೆತ್ತವರು ಪಡೆದ ಮುಂಗಡಕ್ಕಾಗಿ ಕರ್ನಾಟಕದ ಮಕ್ಕಳು ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ನೂಲು ಬಿಚ್ಚುತ್ತಿದ್ದುದು ಅದರಲ್ಲಿ ದಾಖಲಾಗಿದೆ. ನಮ್ಮ ರಾಜ್ಯದ ರೀಲಿಂಗ್ ಘಟಕಗಳ ಮಾಲಕರಲ್ಲಿಯೂ ಕೂಲಿಕಾರರಲ್ಲಿಯೂ ಮುಸ್ಲಿಮರು ಬಹಳ. ಅಂದಮೇಲೆ ಕೆಲವೆಡೆ ಸರಪಳಿಯ ಎರಡೂ ತುದಿಗಳು ನಮ್ಮವರ ಮನೆಯಲ್ಲೇ ಇದ್ದವು. ರೇಷ್ಮೆಯ ಊರೆಂದು ಹೆಸರಾದ ಕೊಳ್ಳೇಗಾಲದ ನಾವು ಇದನ್ನು ರಾಮನಗರದವರ ಕತೆಯೆಂದು ಓದಿ ಮಡಚಿಡಬಾರದು. ನಮ್ಮ ಮೊಹಲ್ಲಾದ ಘಟಕಗಳಲ್ಲಿ ಯಾರ ಮಗು, ಯಾವ ಸಾಲಕ್ಕಾಗಿ ದುಡಿಯುತ್ತಿದೆಯೆಂದು ಜಮಾಅತ್ ಒಮ್ಮೆಯಾದರೂ ವಿಚಾರಿಸಬೇಡವೇ? ಜುಮಾದ ಖುತ್ಬಾದಲ್ಲಿ ಹಝ್ರತ್ ಬಿಲಾಲರ(ರ) ಬಿಡುಗಡೆಯ ಚರಿತ್ರೆ ಕೇಳಿ ಕಣ್ಣೊರೆಸಿಕೊಳ್ಳುವವರು ಮರುದಿನ ಬೆಳಿಗ್ಗೆ ಘಟಕದ ಬಾಗಿಲು ತೆರೆಯುವಾಗ ಅದನ್ನು ಮರೆಯುವುದು ಹೇಗೆ?

ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದಲ್ಲಿ ಹೆಸರಿಸಿದ ಝಕಾತ್‌ನ ಎಂಟು ಬಾಬುಗಳಲ್ಲಿ ಗುಲಾಮರ ವಿಮೋಚನೆಯೂ ಒಂದು, ಸಾಲಗಾರರ ನೆರವೂ ಒಂದು. ಮೊದಲನೆಯದು ಈ ಕಾಲಕ್ಕೆ ಅನ್ವಯಿಸದೆಂದು ನಾವು ಪಕ್ಕಕ್ಕಿಟ್ಟಿದ್ದೇವೆ. ಹಾಗೆಂದು ಜೀತದ ಸಾಲವನ್ನು ಝಕಾತ್‌ನಿಂದ ತೀರಿಸಿರೆಂದು ನಾವು ಹೇಳುತ್ತಿಲ್ಲ. ಕಾನೂನು ಅಳಿಸಿದ ಸಾಲವನ್ನು ಮಾಲಕನ ಕೈಗೆ ತಲುಪಿಸುವುದೆಂದರೆ ಅನ್ಯಾಯಕ್ಕೆ ಇನಾಮು ಕೊಟ್ಟಂತೆ. ಆ ಹಣ ತಲುಪಬೇಕಾದ ಹೊತ್ತು ಎರಡು. ಆಸ್ಪತ್ರೆ, ಮದುವೆ, ಹಸಿವುಗಳಿಗಾಗಿ ಬಡವನೊಬ್ಬ ಮುಂಗಡಕ್ಕೆ ಕೈಚಾಚುವ ಮುನ್ನ ಮತ್ತು ಬಿಡುಗಡೆಗೊಂಡ ಕುಟುಂಬ ಸರಕಾರದ ಹಣಕ್ಕಾಗಿ ಕಾಯುವಾಗ. ಮುಸ್ಲಿಮೇತರರಿಗೆ ಝಕಾತ್ ಸಲ್ಲುತ್ತದೆಯೇ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸದಕಕ್ಕೆ ಅಂತಹ ಗೆರೆಯಿಲ್ಲ. ಸೋಲಿಗರ ಹಾಡಿಗೂ ದಲಿತರ ಕೇರಿಗೂ ಅದು ಹೋಗಲಿ.

2025ರ ಆರಂಭದಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಚಾಮರಾಜನಗರ ಜಿಲ್ಲೆಯ ಕುಟುಂಬಗಳು ಊರು ತೊರೆದ ಸುದ್ದಿ ಬಂದಿತು. ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿಯನ್ನು ತಡೆಯಲು ಅಧ್ಯಾದೇಶ ತಂದಿತು. ಹೀಗೆ ಊರು ಬಿಟ್ಟವರು ಮುಂದೆ ಯಾವ ಮೇಸ್ತ್ರಿಯ ಕೈಗೆ ಬಿದ್ದಾರೆಂದು ನೋಡುವ ಕೆಲಸ ಆ ಜಾಗೃತಿ ಸಮಿತಿಯದ್ದೇ. ಸಮಿತಿ ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ, ಕಳೆದ ಐದು ವರ್ಷಗಳಲ್ಲಿ ಮೂರು ತಾಲೂಕುಗಳಲ್ಲಿ ಕೊಟ್ಟ ಬಿಡುಗಡೆ ಪತ್ರಗಳೆಷ್ಟು, ತಕ್ಷಣದ ನೆರವು ಎಷ್ಟು ಮಂದಿಗೆ ತಲುಪಿತು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಕೊಳ್ಳೇಗಾಲದ ಯಾವುದಾದರೊಂದು ಮಸೀದಿ ಕಮಿಟಿ ಈ ವಾರ ಅದನ್ನು ಸಲ್ಲಿಸಲಿ.