ಹಳೇ ಕೆಟಲಾಗ್ ಗುಜರಿಗೆ ಹಾಕಬೇಡಿ!

ಪೀಣ್ಯದ ಬಿಡಿಭಾಗ ತಯಾರಕ ಬಂಧುಗಳೇ, ಕಾಯಿಲ್ ಸುತ್ತುವವರೇ, ಬೋರ್ಡ್ ಮಾಡುವವರೇ,

ಆಯುಧಪೂಜೆಗೆ ಷೆಡ್ ಗುಡಿಸುವಾಗ ಹಳೇ ಕಾಗದವನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುತ್ತೀರಲ್ಲ, ಈ ಸಲ ಬೇಡ.

ಒಂದು ಕಸುಬಿನ ವಿಧಾನವನ್ನು ಇನ್ನೊಂದಕ್ಕೆ ಜೋಡಿಸಿ ‘ಇದು ನನ್ನ ಆವಿಷ್ಕಾರ’ ಎಂದು ಪೇಟೆಂಟ್ ಕೇಳುವವರಿದ್ದಾರೆ. ಸಿಕ್ಕಿತೆಂದರೆ ಅರ್ಜಿಯ ದಿನದಿಂದ 20 ವರ್ಷ ನಾವು ಅವರ ಅಪ್ಪಣೆ ಕೇಳಬೇಕು.

ಜೋಡಿಸಿದ್ದೆಲ್ಲ ಆವಿಷ್ಕಾರವಲ್ಲ. ಲೇತಿನಲ್ಲಿ ಪಾತ್ರೆ ಹಿಡಿಸುವ ವಿಧಾನದ ಪೇಟೆಂಟ್ ವಿಚಾರದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತು: ಹಳೆಯದನ್ನು ಕೂಡಿಸಿದ್ದು ಬರೀ ವರ್ಕ್‌ಶಾಪ್ ಸುಧಾರಣೆಗಿಂತ ಮಿಗಿಲಾಗಿರಬೇಕು. ಅಮೆರಿಕದ ಸುಪ್ರೀಂ ಕೋರ್ಟೂ 2007ರಲ್ಲಿ ಕೆಎಸ್‌ಆರ್–ಟೆಲಿಫ್ಲೆಕ್ಸ್ ಮೊಕದ್ದಮೆಯಲ್ಲಿ ಅದೇ ದಾರಿ ಹಿಡಿಯಿತು. ಹಿಂದೆ ಮುಂದೆ ಸರಿಸಬಹುದಾದ ಕಾರಿನ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಕೂರಿಸುವುದು ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು ಎಂದಿತು. ನ್ಯಾಯಮೂರ್ತಿಗಳೆಲ್ಲ ಒಮ್ಮತ.

ಹಾಗಂತ ಕಂಡ ಅರ್ಜಿಗೆಲ್ಲ ಅಡ್ಡಗಾಲು ಹಾಕಿ ಎನ್ನುತ್ತಿಲ್ಲ. ಕೆಪಾಸಿಟರಿನವರು ಸೆರಾಮಿಕ್ ಹಾಳೆಯ ಮೇಲೆ ಲೋಹದ ಪೇಸ್ಟ್ ಪ್ರಿಂಟ್ ಹೊಡೆದು, ಪೇರಿಸಿ, ಸುಡುತ್ತಾರೆ. ಅದೇ ಬಗೆಯಲ್ಲಿ ಫೆರೈಟ್ ಹಾಳೆ ಪೇರಿಸಿ ಕಾಯಿಲ್ ಮಾಡಿದರಾಯಿತು, ಅದರಲ್ಲೇನಿದೆ? ಇದೆ. ಪೇಸ್ಟಿನ ಬೆಳ್ಳಿ 962 ಡಿಗ್ರಿಗೆ ಕರಗಿ ನೀರಾಗುತ್ತದೆ, ಮಾಮೂಲಿ ಫೆರೈಟಿಗೆ ಅದಕ್ಕಿಂತ ಹೆಚ್ಚು ಕಾವು ಬೇಕು. ಆ ಕಾವಿನ ಕೆಳಗೇ ಬೇಯುವ ಫೆರೈಟಿನ ಹದ ಕಂಡುಕೊಂಡವನದು ನಿಜವಾದ ತಲೆ. ಅವನಿಗೆ ಪೇಟೆಂಟ್ ಸಿಗಲಿ, ನಮಗೇನೂ ಹೊಟ್ಟೆಯುರಿಯಿಲ್ಲ. ಹದ ಊರಿಗೆಲ್ಲ ಗೊತ್ತಾದ ಮೇಲೆ ಸುಮ್ಮನೆ ಹಾಳೆ ಪೇರಿಸಿದವನಿಗೆ ಯಾಕೆ?

ಪೇಟೆಂಟ್ ಕಾಯ್ದೆಯ 25(1)ನೇ ಕಲಮಿನ ಪ್ರಕಾರ, ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುಂಚೆ, ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಕೊಟ್ಟ ಮೇಲಾದರೆ ಒಂದೇ ವರ್ಷ ಗಡುವು, ಅದೂ ಸಂಬಂಧಪಟ್ಟವರಿಗೆ ಮಾತ್ರ. ಪೇಟೆಂಟ್ ಕಚೇರಿಯ ಜರ್ನಲ್ ವಾರವಾರವೂ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಷೆಡ್ಡಿಗೊಬ್ಬ ಹುಡುಗ ಅದರ ಮೇಲೆ ಕಣ್ಣಾಡಿಸಲಿ.

‘ಇದು ಎಲ್ಲರಿಗೂ ಗೊತ್ತಿರೋದೇ ಸಾರ್’ ಎಂದರೆ ಅಲ್ಲಿ ನಡೆಯದು. ಕಾಗದ ಬೇಕು. ತಾರೀಖಿರುವ ಕೆಟಲಾಗ್, ಮಾರಿದ ಮಾಲಿನ ಬಿಲ್ಲು, ಪ್ರದರ್ಶನದಲ್ಲಿ ಹಂಚಿದ ಹಾಳೆ, ಎಲ್ಲವೂ ಅವರ ಅರ್ಜಿಗಿಂತ ಹಿಂದಿನದಾಗಿರಬೇಕು. ಬೀರುವಿನಲ್ಲಿ ಗುಟ್ಟಾಗಿಟ್ಟ ನೋಟ್‌ಬುಕ್ ಸಾಲದು.

ಕಾಗದಗಳನ್ನು ವರ್ಷವಾರು ಕಟ್ಟಿಡಿ. ಈ ಹಾಳೆಯನ್ನು ಓದಿ ಪಕ್ಕದ ಷೆಡ್ಡಿನವರಿಗೆ ಕೊಡಿ.

— ನಿಮ್ಮಂತೆಯೇ ಒಬ್ಬ ಸಣ್ಣ ತಯಾರಕ