ಮೊದಲ ಪಾಠ ಕೆರೆಯ ಏರಿಯ ಮೇಲೆ

ನಾಗರಹೊಳೆಯ ಕಾಡನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿಯೂ, ಕಾಡಿನಿಂದ ತುಸು ದೂರದ ಕೃಷ್ಣರಾಜನಗರದಲ್ಲಿಯೂ ವನ್ಯಜೀವಿ ಛಾಯಾಗ್ರಹಣದ ಹಂಬಲ ಹೊತ್ತ ತರುಣರು ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲಿ ಅನೇಕರು, ಕ್ಯಾಮೆರಾದ ಗುಂಡಿಗಳ ಪರಿಚಯವೂ ಆಗುವ ಮೊದಲೇ, ದಮ್ಮನಕಟ್ಟೆಯ ಸಫಾರಿಗೋ ವೀರನಹೊಸಹಳ್ಳಿಯ ಸಫಾರಿಗೋ ಟಿಕೆಟ್ ಮಾಡಿಸಿ, ಹುಲಿ ಸಿಕ್ಕಿದರೆ ತಾವು ಛಾಯಾಗ್ರಾಹಕರಾದೆವೆಂದೂ, ಸಿಗದಿದ್ದರೆ ದುಡ್ಡು ದಂಡವಾಯಿತೆಂದೂ ತಿಳಿಯುವುದನ್ನು ನೋಡಿದರೆ, ಕಲಿಕೆಯ ಕ್ರಮವೇ ತಲೆಕೆಳಗಾಗಿದೆಯೆಂದು ಹೇಳದೆ ವಿಧಿಯಿಲ್ಲ.

ಸಫಾರಿಯನ್ನು ನಾನು ಹಳಿಯುತ್ತಿಲ್ಲ. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರಿದಾಗ, ಆನೆಗಳು ಹಿಂಡುಹಿಂಡಾಗಿ ಕಾಡಿನಿಂದ ಇಳಿದು ಬರುವ ನೋಟವನ್ನು ಕಂಡವರು ಜನ್ಮದಲ್ಲಿ ಮರೆಯಲಾರರು. 1971ರ ತನಕ ಇದೇ ಕಾಕನಕೋಟೆಯ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಸೆರೆಹಿಡಿಯುತ್ತಿದ್ದ ನಾವು ಇಂದು ಅವುಗಳ ಚಿತ್ರವನ್ನಷ್ಟೇ ತೆಗೆದುಕೊಂಡು ಮರಳುತ್ತಿದ್ದೇವೆಂಬುದು ಸಣ್ಣ ಮುನ್ನಡೆಯಲ್ಲ. ಆದರೂ ಹೊಸಬನಿಗೆ ಸಫಾರಿಯ ಜೀಪು ಒಳ್ಳೆಯ ಪಾಠಶಾಲೆಯಾಗಲಾರದು. ಗಾಡಿ ಎಲ್ಲಿ ನಿಲ್ಲಬೇಕೆಂಬುದು ಚಾಲಕನ ಅಧೀನ. ಬೆಳಕು ಯಾವ ದಿಕ್ಕಿನಿಂದ ಬೀಳಬೇಕೆಂಬುದು ದೈವಾಧೀನ. ಪಕ್ಕದವನ ಮೊಣಕೈ ಯಾರ ಅಧೀನವೂ ಅಲ್ಲ. ಕೆಟ್ಟುಹೋದ ಚಿತ್ರವನ್ನು ನಾಳೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೆಗೆದು ತಿದ್ದಿಕೊಳ್ಳುವ ಅವಕಾಶವಿಲ್ಲದ ಕಡೆ ಕಲಿಯುವುದಾದರೂ ಏನನ್ನು? 2025ರ ನವೆಂಬರಿನಲ್ಲಿ, ಸರಗೂರು ಭಾಗದಲ್ಲಿ ಹುಲಿಯ ದಾಳಿಗೆ ರೈತರು ಪ್ರಾಣ ತೆತ್ತ ಬಳಿಕ, ಸರ್ಕಾರವು ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿದಾಗ, ತಮ್ಮ ಹವ್ಯಾಸವೇ ಮುಗಿಯಿತೆಂಬಂತೆ ಮರುಗಿದವರಿದ್ದರು. ಜೀವಗಳು ಹೋಗಿರುವ ಹೊತ್ತಿನಲ್ಲಿ ಚಿತ್ರದ ಮಾತೆತ್ತುವುದರ ಔಚಿತ್ಯ ಒತ್ತಟ್ಟಿಗಿರಲಿ. ಊರ ಕೆರೆಗೆ ಯಾರೂ ಬೀಗ ಹಾಕಿರಲಿಲ್ಲ.

ಆ ಕೆರೆಯ ಏರಿಯೇ, ನನ್ನ ಅಭಿಪ್ರಾಯದಲ್ಲಿ, ಈ ವಿದ್ಯೆಯ ಮೊದಲ ಮಣೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಹಸಿರು ಪೈರಿನ ನಡುವೆ ನಿಂತ ಒಂದು ಬೆಳ್ಳಕ್ಕಿಯನ್ನು ತೆಗೆದುಕೊಳ್ಳಿ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಎದುರಿನ ದೃಶ್ಯವೆಲ್ಲ ನಡುತರದ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುವ ಯಂತ್ರವಾದುದರಿಂದ, ಕಡುಹಸಿರು ಪೈರು ಚೌಕಟ್ಟನ್ನೆಲ್ಲ ತುಂಬಿರುವಾಗ ಅದು ಬೆಳಕನ್ನು ಹೆಚ್ಚಾಗಿ ಒಳಬಿಟ್ಟು, ಹಕ್ಕಿಯ ಗರಿಯ ಗೆರೆಯೊಂದೂ ಉಳಿಯದಂತೆ ಬರಿಯ ಸುಣ್ಣದ ಮುದ್ದೆಯನ್ನು ಮೂಡಿಸುತ್ತದೆ. ಆಗ ಬೆಳಕನ್ನು ಒಂದು ಸ್ಟಾಪಿನಷ್ಟು ಇಳಿಸಬೇಕು. ಅದೇ ಹಕ್ಕಿ ಹತ್ತಿರ ಬಂದು ಚೌಕಟ್ಟಿನ ತುಂಬ ತಾನೇ ನಿಂತಿತೋ, ಲೆಕ್ಕ ತಿರುಗುಮುರುಗಾಗಿ, ಬೆಳಕನ್ನು ಏರಿಸದಿದ್ದರೆ ಬೆಳ್ಳಕ್ಕಿ ಮಾಸಲಾಗುತ್ತದೆ. ಹೀಗೆ ಒಂದೇ ಹಕ್ಕಿ, ಒಂದೇ ಮುಂಜಾನೆ, ಎರಡು ವಿರುದ್ಧ ಪಾಠಗಳು. ಇನ್ನು ಹಾರುವ ಹಕ್ಕಿಯ ಅಭ್ಯಾಸಕ್ಕೆ ಕಪ್ಪುಬಿಳುಪಿನ ಮಿಂಚುಳ್ಳಿಗಿಂತ ಉತ್ತಮ ಉಪಾಧ್ಯಾಯನಿಲ್ಲ. ಅದು ನೀರಿನ ಮೇಲೆ ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ, ಕೊಕ್ಕನ್ನು ಕೆಳಗೆ ಬಾಗಿಸಿ, ಮೀನಿನ ಮೇಲೆ ಕಣ್ಣಿಟ್ಟು ಕೆಲಕ್ಷಣ ತೂಗಿನಿಲ್ಲುತ್ತದೆ. ಆ ಅವಧಿಯಲ್ಲಿ ಅದರ ಕಣ್ಣಿಗೆ ಫೋಕಸ್ ಕೂಡಿಸಿ, ಷಟರನ್ನು ಸೆಕೆಂಡಿನ 1/2000 ಭಾಗದ ಆಸುಪಾಸಿನಲ್ಲಿರಿಸಿ ಒತ್ತಿದರೆ ಸಾಕು, ರೆಕ್ಕೆಯ ತುದಿಯೂ ನಿಚ್ಚಳವಾಗಿ ನಿಲ್ಲುತ್ತದೆ. ಈ ಪಾಠಗಳಿಗೆ ಲಕ್ಷಗಟ್ಟಲೆಯ ಲೆನ್ಸು ಬೇಕಾಗಿಲ್ಲ, 300 ಮಿ.ಮೀ.ನ ಸಾಧಾರಣ ಲೆನ್ಸು, ನೀರಿನಂಚಿನಲ್ಲಿ ಮೊಣಕಾಲೂರಿ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುವ ವಿನಯ, ಇಷ್ಟಿದ್ದರೆ ಆದೀತು. ಬಟ್ಟೆ ಕೆಸರಾಗುತ್ತದೆ, ಅಷ್ಟೆ.

ಕನ್ನಡನಾಡಿನಲ್ಲಿ ಈ ಕಲೆಯನ್ನು ಬೆಳೆಸಿದವರು ಅವಸರದ ಜನರಾಗಿರಲಿಲ್ಲ. ಹುಣಸೂರು ಸೀಮೆಯವರೇ ಆದ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಹಣಕಾಸು ಖಾತೆಯನ್ನು ಹೊತ್ತಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಆಯವ್ಯಯದ ಲೆಕ್ಕದಷ್ಟೇ ಶ್ರದ್ಧೆಯಿಂದ ನೆರಳುಬೆಳಕಿನ ಲೆಕ್ಕವನ್ನೂ ನೋಡಿದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳರು ಓ.ಸಿ. ಎಡ್ವರ್ಡ್ಸರಲ್ಲಿ ಶಿಷ್ಯವೃತ್ತಿ ಮಾಡಿ, ಒಂದು ಸುರುಳಿಗೆ 36 ಚಿತ್ರಗಳ ಮಿತಿಯಿದ್ದ ಕಾಲದಲ್ಲಿ ಒಂದೊಂದನ್ನೂ ಯೋಚಿಸಿ ತೆಗೆದರು. ಮೈಸೂರಿನ ಕೃಪಾಕರ–ಸೇನಾನಿಯವರು ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಳನ್ನೇ ಕಳೆದ ಮೇಲೆ, 2010ರಲ್ಲಿ ಅವರ ‘ದಿ ಪ್ಯಾಕ್’ ಚಿತ್ರಕ್ಕೆ ಗ್ರೀನ್ ಆಸ್ಕರ್ ಎಂದು ಹೆಸರಾದ ಪ್ರಶಸ್ತಿ ಬಂದಿತು. ಒಂದು ವಿಷಯದಲ್ಲಿ ಮಾತ್ರ ಹಳೆಯ ತಲೆಮಾರನ್ನು ಅನುಸರಿಸಬಾರದು: ಆಗ ಗೂಡಿನ ಬಳಿ ಮರೆ ಕಟ್ಟಿಕೊಂಡು ಕುಳಿತು ಚಿತ್ರ ತೆಗೆಯುವುದು ರೂಢಿಯಾಗಿತ್ತು, ಇಂದು ಕ್ಯಾಮೆರಾ ಹಿಡಿದವರ ಸಂಖ್ಯೆ ಬೆಳೆದಿರುವಾಗ ಅದು ಹಕ್ಕಿಯ ಸಂಸಾರಕ್ಕೆ ಕುತ್ತು. ತಾವರೆಯೆಲೆಗಳ ಮೇಲೆ ಮೊಟ್ಟೆಗೆ ಕಾವು ಕೊಡುವ ಗಂಡು ದೇವನಕ್ಕಿ (ಉದ್ದಬಾಲದ ಈ ಹಕ್ಕಿಗಳಲ್ಲಿ ಬಾಣಂತನವೆಲ್ಲ ಗಂಡಿನದೇ) ನಮಗೆ ಹೆದರಿ ಎದ್ದುಹೋದರೆ, ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ಪಾಲು. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಉಚಿತವಾಗಿಯೇ ಇದೆ.

ಕೆರೆಯ ಪರವಾಗಿ ಇನ್ನೊಂದು ಮಾತುಂಟು. ನನಗೆ ಅದೇ ಮುಖ್ಯ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿರಿಸಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸುವ ಪದ್ಧತಿಯನ್ನು ಬೆಳೆಸಿ ದಶಕಗಳೇ ಸಂದುವು. ಅಲ್ಲಿಯ ಹುಲಿಗಳಿಗೆ ಚಿತ್ರದ ಕೊರತೆಯಿಲ್ಲ. ಕಬಿನಿಯ ಕರಿಚಿರತೆಯಂತೂ ಪ್ರಪಂಚಕ್ಕೆಲ್ಲ ಪರಿಚಿತ. ಆದರೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ನಡುವಿನ ಸಣ್ಣ ಕೆರೆಗೆ ಈ ಚಳಿಗಾಲ ಯಾವ ಹಕ್ಕಿಗಳು ಬಂದವೆಂದು ಕೇಳಿದರೆ ಹೇಳಬಲ್ಲವರು ಎಷ್ಟು ಮಂದಿ? ಮೊಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿಕೊಂಡ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಮೈಸೂರು ಸೀಮೆಯ ಕೆರೆಗಳಿಗೆ ಬಂದಿಳಿದದ್ದುಂಟು. ಅಂತಹ ಪಟ್ಟಿಯ ಮೇಲಿನ ಅಕ್ಷರಗಳು ಓದುವಂತೆ ಮೂಡಿದ ಒಂದು ಚಿತ್ರ, ಅದರ ಅಂದಚಂದ ಹೇಗೇ ಇರಲಿ, ಆ ಹಕ್ಕಿಯ ಪಯಣದ ಸಾಕ್ಷ್ಯವಾಗುತ್ತದೆ. ತಾರೀಖು, ಸ್ಥಳಗಳನ್ನು ಬರೆದಿಟ್ಟು ‘ಈ-ಬರ್ಡ್’ನಂತಹ ಸಾರ್ವಜನಿಕ ದಾಖಲೆಗೆ ಸೇರಿಸಿದ ಮಸುಕು ಚಿತ್ರವೂ ನೂರರೊಳಗೊಂದಾದ ಹುಲಿಯ ಚಿತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ನಾನು ತಿಳಿದಿದ್ದೇನೆ.

ಆದುದರಿಂದ ಹೊಸದಾಗಿ ಕ್ಯಾಮೆರಾ ಕೊಂಡವರಲ್ಲಿ ನನ್ನದೊಂದು ವಿಜ್ಞಾಪನೆ. ಉದ್ದ ಲೆನ್ಸಿಗೆ ಸಾಲ ಮಾಡುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಮನೆಗೆ ಹತ್ತಿರದ ಕೆರೆಯೊಂದನ್ನು ಆರಿಸಿಕೊಂಡು, ನವೆಂಬರಿನಿಂದ ಮಾರ್ಚಿಯವರೆಗೆ ಬಿಡುವಿದ್ದ ಬೆಳಗುಗಳಲ್ಲೆಲ್ಲ ಅಲ್ಲಿಗೇ ಹೋಗಿ. ಮೈಸೂರಿನ ಪಕ್ಷಿಪ್ರಿಯರು ನಡುಚಳಿಗಾಲದಲ್ಲಿ ಸುತ್ತಲಿನ ಕೆರೆಗಳ ನೀರುಹಕ್ಕಿಗಳನ್ನು ಎಣಿಸುವ ಪರಿಪಾಠವಿಟ್ಟುಕೊಂಡಿದ್ದಾರೆ. ಅವರ ಜೊತೆ ಸೇರುವುದಕ್ಕೆ ಬೆಳಗಿನ ಜಾವ ಏಳುವ ಅಭ್ಯಾಸವೊಂದನ್ನುಳಿದು ಬೇರೆ ಅರ್ಹತೆ ಬೇಕಾಗಿಲ್ಲ.