ನಮ್ಮ ಸಂಪ್ ಮುಚ್ಚಳ ಎಷ್ಟು ಎತ್ತರದಲ್ಲಿದೆ?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮನೆಗಳು ಮುಳುಗಿದಾಗ ನಾವಿನ್ನೂ ಸ್ಕೂಲಲ್ಲಿದ್ವಿ. ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗೋ ವಿಡಿಯೋ ಶೇರ್ ಮಾಡಿ ನಕ್ಕಿದ್ದೇ ನಕ್ಕಿದ್ದು. ನೀರು ಇಳಿದ ಮೇಲೆ ಆ ಮನೆಗಳಲ್ಲಿ ಏನಾಯ್ತು ಅಂತ ಮಾತ್ರ ಕೇಳಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಪಿಜಿಗೂ ನೀರು ನುಗ್ಗಿತು. ಬರೀ ಮಳೆ ನೀರಲ್ಲ, ಚರಂಡಿ ನೀರೂ ಸೇರಿತ್ತು. ಮರುದಿನ ನೆಲ ಒರೆಸಿ, ಎಲ್ಲಾ ಸರಿಹೋಯ್ತು ಅಂತ ಮೋಟರ್ ಹಾಕಿದ್ವಿ. ಸಂಪ್ ಬಾಯಿ ನೆಲಮಟ್ಟದಲ್ಲೇ ಇದೆ ಅನ್ನೋದು ಯಾರಿಗೂ ಹೊಳೀಲಿಲ್ಲ. ಕೊಳಚೆಯನ್ನು ನಾವೇ ಮೇಲಿನ ಟ್ಯಾಂಕಿಗೆ ಏರಿಸಿ, ಅದೇ ನೀರಲ್ಲಿ ಹಲ್ಲುಜ್ಜಿದ್ವಿ. ಆ ವಾರ ಮೂರು ಜನಕ್ಕೆ ವಾಂತಿ-ಭೇದಿ. ಲ್ಯಾಬಲ್ಲಿ ಪಂಪಿನ ಎಫಿಶಿಯೆನ್ಸಿ ಲೆಕ್ಕ ಹಾಕಿ ಮಾರ್ಕ್ಸ್ ತಗೊಂಡವರು ನಾವು!

ಕಣ್ಣಿಗೆ ಕಾಣೋ ನೀರು ಹೋದ್ರೆ ಅಪಾಯ ಹೋಗಲ್ಲ. ಸ್ವಿಚ್‌ಬೋರ್ಡ್ ಒದ್ದೆಯಾಗಿದ್ರೆ ಎಲೆಕ್ಟ್ರಿಷಿಯನ್ ನೋಡೋ ತನಕ ಕರೆಂಟ್ ಬೇಡ. ಸಂಪ್, ಟ್ಯಾಂಕ್ ಎರಡನ್ನೂ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಬೇಕು. ನಾವೇ ಸಂಪ್ ಒಳಗೆ ಇಳಿಯೋ ಸಾಹಸ ಬೇಡ, ಒಳಗೆ ಉಸಿರುಗಟ್ಟಬಹುದು. ಕಾಲಲ್ಲಿ ಗಾಯ ಇದ್ರೆ ನಿಂತ ನೀರನ್ನು ತುಳೀಬಾರದು; ಇಲಿ ಮೂತ್ರದಿಂದ ಹರಡೋ ಇಲಿಜ್ವರ ಆ ಗಾಯದಿಂದಲೇ ಮೈ ಸೇರಬಹುದು. ನೆಂದ ಹಾಸಿಗೆ ಮೇಲೆ ಮೇಲೆ ಒಣಗಿದ್ರೂ ಒಳಗೆ ಬೂಷ್ಟು ಹಿಡಿಯುತ್ತೆ.

ರಾಜಕಾಲುವೆ ಒತ್ತುವರಿ ತೆರವು ಮಾಡಿಸೋದು ನಮ್ಮ ಕೈಲಿಲ್ಲ. ಆದ್ರೆ ಸಂಪ್ ಬಾಯಿಗೆ ಎರಡು ಅಡಿ ಕಟ್ಟೆ ಕಟ್ಟಿಸಿ ಅಂತ ಓನರ್ ಅಂಕಲ್‌ನ ಕೇಳಬಹುದಲ್ವಾ? ನಾವು ಕೇಳಿದ್ದೀವಿ. ನೀವೂ ಮಳೆ ಶುರುವಾಗೋ ಮುಂಚೆ ಕೇಳಿ.